ರೋಮನ್ ಯುಗದ ಕ್ರೈಸ್ತ ಐತಿಹಾಸಿಕ ಕಾದಂಬರಿ ಮತ್ತು ಕರವೀರ ಸೀಮೆ

ಕ್ರಿಸ್ತಶಕದ ಮೊದಲ ನಾಲ್ಕು ಶತಮಾನಗಳ ರೋಮನ್ ಸಾಮ್ರಾಜ್ಯವನ್ನು ಹಿನ್ನೆಲೆಯಾಗಿರಿಸಿಕೊಂಡು, ಯೇಸುವಿನ ಜೀವಿತವನ್ನೋ, ಆತನ ಶಿಷ್ಯರ ಸಂಚಾರವನ್ನೋ, ಆದ್ಯ ಕ್ರೈಸ್ತಸಭೆಯು ಅನುಭವಿಸಿದ ಹಿಂಸೆಯನ್ನೋ ಕಲ್ಪಿತ ವ್ಯಕ್ತಿಗಳ ಬಾಳಿನೊಡನೆ ಹೆಣೆದು ಹೇಳುವ ಗದ್ಯಕಥನಕ್ಕೆ ರೋಮನ್ ಯುಗದ ಕ್ರೈಸ್ತ ಐತಿಹಾಸಿಕ ಕಾದಂಬರಿಯೆಂದು ಹೆಸರು. ತಿಬೇರಿಯಸ್ ಚಕ್ರವರ್ತಿಯ ಆಳ್ವಿಕೆಯಲ್ಲಿ ಯೆರೂಸಲೇಮಿನ ಹೊರಗೆ ನಡೆದ ಶಿಲುಬೆಯ ಮರಣ, ಕ್ರಿ.ಶ. 64ರಲ್ಲಿ ನೀರೋವಿನ ಕಾಲದಲ್ಲಿ ರೋಮ್ ನಗರವನ್ನು ಸುಟ್ಟ ಅಗ್ನಿ, 70ರಲ್ಲಿ ಯೆಹೂದ್ಯರ ದೇವಾಲಯದ ವಿನಾಶ, 79ರಲ್ಲಿ ವೆಸೂವಿಯಸ್ ಪರ್ವತದ ಸ್ಫೋಟ, 303ರಲ್ಲಿ ಡಯೊಕ್ಲೀಶಿಯನ್ ಆರಂಭಿಸಿದ ಮಹಾಹಿಂಸೆ, 313ರಲ್ಲಿ ಕಾನ್‌ಸ್ಟಂಟೈನನ ಕಾಲಕ್ಕೆ ಮಿಲಾನಿನ ಒಪ್ಪಂದದಿಂದ ದೊರೆತ ಶಾಂತಿ, ಇವು ಈ ಪ್ರಕಾರದ ಕಥೆಗಳು ಮತ್ತೆ ಮತ್ತೆ ಆಶ್ರಯಿಸುವ ಘಟನೆಗಳು. ಯೂರೋಪು ಮತ್ತು ಅಮೆರಿಕಗಳಲ್ಲಿ ಬೆಳೆದ ಈ ಸಾಹಿತ್ಯವನ್ನು ಕರವೀರವೆಂದೂ ಕರೆಯಲ್ಪಡುವ ಪಂಚಗಂಗೆಯ ದಡದ ಕೊಲ್ಹಾಪುರ, ಮಗ್ಗಗಳ ಊರಾದ ಇಚಲಕರಂಜಿ, ಹಿರಣ್ಯಕೇಶಿಯ ತೀರದ ಗಡಹಿಂಗ್ಲಜಗಳ ನೆಲದಲ್ಲಿ ನಿಂತು ವಿಚಾರಿಸುವುದಕ್ಕೆ ತಕ್ಕ ಕಾರಣಗಳಿವೆ. ರೋಮನ್ ಜಗತ್ತಿನ ಕಂಚು ಈ ನೆಲದೊಳಗಿಂದ ಹೊರಬಂದಿದೆ. ಕ್ರೈಸ್ತ ಗದ್ಯಕಥನವು ಇದೇ ಗಡಿಸೀಮೆಯ ಲೇಖಕರೊಬ್ಬರಿಂದ ಬಹು ಮೊದಲೇ ರಚಿತವಾಗಿದೆ. ಇತಿಹಾಸವನ್ನೂ ಪುರಾಣವನ್ನೂ ಕಾದಂಬರಿಯಾಗಿಸಿದ ಶ್ರೇಷ್ಠರು ಇಲ್ಲಿಯೇ ಹುಟ್ಟಿದ್ದಾರೆ.

ಈ ಪ್ರಕಾರದ ಮೂಲವನ್ನು 19ನೆಯ ಶತಮಾನದಲ್ಲಿ ಹುಡುಕುವುದು ರೂಢಿಯಾದರೂ, ಅದರ ಬೀಜವು ಕ್ರೈಸ್ತಧರ್ಮದ ಶೈಶವದಲ್ಲಿಯೇ ಇದೆಯೆಂದು ಹೇಳಬೇಕು. ಬೈಬಲ್ಲಿನ ಅಂಗೀಕೃತ ಗ್ರಂಥಗಳೊಳಗೆ ಸೇರದೆ ಹೊರಗುಳಿದ 'ಕೃತ್ಯಗಳು' ಎಂಬ ಕಥಾವರ್ಗವು 2ನೆಯ ಮತ್ತು 3ನೆಯ ಶತಮಾನಗಳಲ್ಲಿ ಹುಟ್ಟಿತು. ಪೌಲನ ಉಪದೇಶವನ್ನು ಕಿಟಕಿಯ ಬಳಿ ಕುಳಿತು ಆಲಿಸಿ ನಿಶ್ಚಿತವಾಗಿದ್ದ ವಿವಾಹವನ್ನೇ ತ್ಯಜಿಸಿದ ತೆಕ್ಲಾ ಎಂಬ ಕನ್ಯೆಯ ಕಥೆಯೂ, ರೋಮಿನಿಂದ ಓಡಿಹೋಗುತ್ತಿದ್ದ ಪೇತ್ರನಿಗೆ ದಾರಿಯಲ್ಲಿ ಪ್ರಭುವೇ ಎದುರಾಗಿ ಆತನನ್ನು ಮರಣದ ಕಡೆಗೆ ಹಿಂದಿರುಗಿಸಿದ ಕಥೆಯೂ ಅಂಥವು. ಭಾರತೀಯರಿಗೆ ಇವುಗಳಲ್ಲಿ ತೋಮನ ಕೃತ್ಯಗಳು ವಿಶೇಷವಾಗಿ ಗಣನೀಯ. ದಾಸನಂತೆ ಒಬ್ಬ ವರ್ತಕನಿಗೆ ಮಾರಲ್ಪಟ್ಟು ಭಾರತಕ್ಕೆ ಬಂದ ತೋಮನು, ಗುಂಡಫೋರನೆಂಬ ಅರಸನು ಅರಮನೆಗಾಗಿ ಕೊಟ್ಟ ಧನವನ್ನೆಲ್ಲ ಬಡವರಿಗೆ ಹಂಚಿ, ಅರಮನೆಯು ಸ್ವರ್ಗದಲ್ಲಿ ಸಿದ್ಧವಾಗಿದೆಯೆಂದು ಉತ್ತರವಿತ್ತನೆಂದು ಅದರಲ್ಲಿ ಹೇಳಿದೆ. ಈ ಅರಸನು ಕೇವಲ ಕಲ್ಪನೆಯೆಂದು ಬಹುಕಾಲ ನಂಬಲಾಗಿದ್ದು, 19ನೆಯ ಶತಮಾನದಲ್ಲಿ ವಾಯವ್ಯ ಭಾರತದ ಕಡೆ ಗೊಂಡೋಫರ್ನೀಸನ ನಾಣ್ಯಗಳು ದೊರೆತ ಮೇಲೆ ಆ ಹೆಸರಿನ ದೊರೆಯಿದ್ದುದು ಸಿದ್ಧವಾಯಿತು. ಹಾಗೆಂದು ಕಥೆಯೆಲ್ಲವೂ ಇತಿಹಾಸವಾಗಲಿಲ್ಲ. ಆದರೆ ನೆಲದೊಳಗಿನ ಲೋಹವು ದಂತಕಥೆಗೆ ಸಾಕ್ಷಿಯಾಗಿ ನಿಲ್ಲಬಲ್ಲದೆಂಬ ಈ ಪಾಠವು ಮುಂದೆ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬದ ವಿಚಾರಕ್ಕೆ ಬಂದಾಗ ನಮಗೆ ಉಪಯೋಗಕ್ಕೆ ಬರುತ್ತದೆ.

ಆಧುನಿಕ ಗದ್ಯದಲ್ಲಿ ಫ್ರೆಂಚ್ ಲೇಖಕ ಶಾತೋಬ್ರಿಯಾನನ 'ಹುತಾತ್ಮರು' 1809ರಲ್ಲಿ ಪ್ರಕಟವಾಗಿ ದಾರಿ ತೆರೆಯಿತು. ಸ್ಕಾಟ್ಲೆಂಡಿನ ಲಾಕ್‌ಹಾರ್ಟನ 'ವಲೇರಿಯಸ್' 1821ರಲ್ಲಿ ಬಂದಿತು. 1834ರಲ್ಲಿ ಬುಲ್ವರ್ ಲಿಟ್ಟನ್ನನು ಬರೆದ 'ಪಾಂಪೆಯ ಕೊನೆಯ ದಿನಗಳು' ಕ್ರೈಸ್ತ ಕಾದಂಬರಿಯೆನ್ನುವುದಕ್ಕಿಂತ ಪುರಾತತ್ತ್ವದ ಕಾದಂಬರಿಯೆನಿಸಿದರೂ, ಬೂದಿಯ ಕೆಳಗಿನಿಂದ ಹೊರತೆಗೆದ ಬೀದಿ, ಸ್ನಾನಗೃಹ, ಭೋಜನಶಾಲೆಗಳನ್ನು ಅಂಗುಲಂಗುಲವಾಗಿ ವರ್ಣಿಸುವ ರೀತಿಯನ್ನು ಮುಂದಿನವರೆಲ್ಲರಿಗೂ ಕಲಿಸಿತು. 1850ರ ದಶಕದ ಇಂಗ್ಲೆಂಡಿನಲ್ಲಿ ಈ ಪ್ರಕಾರವು ಮತೀಯ ವಾದದ ಆಯುಧವಾಯಿತು. ಚಾರ್ಲ್ಸ್ ಕಿಂಗ್ಸ್‌ಲಿಯು 1853ರಲ್ಲಿ 'ಹೈಪೇಷಿಯಾ'ವನ್ನು ಬರೆದು, ಅಲೆಕ್ಸಾಂಡ್ರಿಯದ ತತ್ತ್ವಜ್ಞಾನಿಯಾದ ಸ್ತ್ರೀಯೊಬ್ಬಳನ್ನು ಉನ್ಮತ್ತ ಸಂನ್ಯಾಸಿಗಳು ಕೊಂದುದನ್ನು ಚಿತ್ರಿಸುವ ನೆಪದಲ್ಲಿ ಕ್ಯಾಥೊಲಿಕ್ ಸಂನ್ಯಾಸವನ್ನೇ ಖಂಡಿಸಿದನು. ಅದಕ್ಕೆ ಪ್ರತ್ಯುತ್ತರವಾಗಿ ಕಾರ್ಡಿನಲ್ ವೈಸ್‌ಮನ್ನನು 1854ರಲ್ಲಿ 'ಫಬಿಯೋಲಾ'ವನ್ನೂ, ನ್ಯೂಮನ್ನನು 1855ರಲ್ಲಿ 'ಕಲಿಸ್ಟಾ'ವನ್ನೂ ಹೊರತಂದರು. ಅದೇ ಕಾಲದಲ್ಲಿ ರೋಮಿನ ಭೂಗತ ಸಮಾಧಿಮಾರ್ಗಗಳನ್ನು ಶೋಧಿಸುತ್ತಿದ್ದ ದ ರೊಸ್ಸಿ ಎಂಬ ಪಂಡಿತನಿಗೆ 1854ರಲ್ಲಿ 3ನೆಯ ಶತಮಾನದ ಪೋಪರ ಸಮಾಧಿಕೋಷ್ಠವು ಗೋಚರಿಸಿತು. ಉತ್ಖನನವೂ ಕಾದಂಬರಿಯೂ ಹೀಗೆ ಒಂದೇ ವರ್ಷದಲ್ಲಿ ಒಂದನ್ನೊಂದು ಪೋಷಿಸಿದುದು ಈ ಸಾಹಿತ್ಯದ ಚರಿತ್ರೆಯಲ್ಲಿ ಬಹು ಅರ್ಥಪೂರ್ಣವಾದ ಸಂಗತಿ.

ಆದರೂ ಈ ಪ್ರಕಾರವನ್ನು ಲೋಕದ ಮೂಲೆಮೂಲೆಗೆ ಒಯ್ದ ಕೃತಿಗಳು ಎರಡೇ. ಮೊದಲನೆಯದು 1880ರಲ್ಲಿ ಪ್ರಕಟವಾದ 'ಬೆನ್ ಹರ್'. ಇದರ ಕರ್ತೃ ಲ್ಯೂ ವಾಲೇಸನು ಅಮೆರಿಕದ ಅಂತರ್ಯುದ್ಧದಲ್ಲಿ ಸೇನಾಪತಿಯಾಗಿದ್ದು, ಪುಸ್ತಕವು ಅಚ್ಚಾಗುವ ವೇಳೆಗೆ ನ್ಯೂ ಮೆಕ್ಸಿಕೋ ಪ್ರಾಂತ್ಯದ ರಾಜ್ಯಪಾಲನಾಗಿದ್ದನು. ನಾಸ್ತಿಕವಾದಿಯೆಂದು ಪ್ರಖ್ಯಾತನಾದ ಇಂಗರ್‌ಸಾಲನೊಡನೆ ರೈಲುಪ್ರಯಾಣದಲ್ಲಿ ನಡೆದ ದೀರ್ಘ ಸಂಭಾಷಣೆಯಲ್ಲಿ ತನ್ನ ಧರ್ಮವನ್ನು ಕುರಿತು ತನಗೇ ಏನೂ ತಿಳಿಯದೆಂಬ ಅರಿವು ಮೂಡಿ, ಅದನ್ನು ಅರಿಯುವುದಕ್ಕಾಗಿಯೇ ಬರೆಯತೊಡಗಿದೆನೆಂದು ಅವನು ಹೇಳಿಕೊಂಡಿದ್ದಾನೆ. ಬರೆಯುವಾಗ ಅವನು ಪಾಲೆಸ್ತೀನವನ್ನು ಕಂಡಿರಲಿಲ್ಲ. ಗ್ರಂಥ, ನಕಾಶೆಗಳೇ ಆಧಾರ. ಮಾಳಿಗೆಯಿಂದ ಜಾರಿದ ಒಂದು ಹೆಂಚು ರೋಮನ್ ಅಧಿಪತಿಯ ಮೇಲೆ ಬಿದ್ದ ತಪ್ಪಿಗೆ ಯೆಹೂದ್ಯ ಯುವಕನೊಬ್ಬನು ಬಾಲ್ಯಮಿತ್ರನಾದ ಮೆಸ್ಸಾಲನ ದ್ರೋಹದಿಂದ ಯುದ್ಧನೌಕೆಯಲ್ಲಿ ಹುಟ್ಟುಹಾಕುವ ದಾಸನಾಗುತ್ತಾನೆ. ಮುಳುಗುತ್ತಿದ್ದ ರೋಮನ್ ಸೇನಾನಿಯನ್ನು ಉಳಿಸಿ ಅವನ ದತ್ತಪುತ್ರನಾಗುತ್ತಾನೆ. ಅಂತಿಯೋಕ್ಯದ ರಥಸ್ಪರ್ಧೆಯಲ್ಲಿ ಶತ್ರುವನ್ನು ಸೋಲಿಸುತ್ತಾನೆ. ಕುಷ್ಠದಿಂದ ಬಾಧಿತರಾದ ತಾಯಿ ತಂಗಿಯರು ಯೇಸುವಿನಿಂದ ಗುಣಹೊಂದುವುದನ್ನು ಕಂಡು, ಕೊನೆಗೆ ಸೇಡನ್ನು ತೊರೆಯುತ್ತಾನೆ. ರಥಸ್ಪರ್ಧೆಯೇ ಜನರ ನೆನಪಿನಲ್ಲಿ ನಿಂತಿದ್ದರೂ, ಭಾರತೀಯ ವಾಚಕನು ಗಮನಿಸತಕ್ಕ ಭಾಗವು ಗ್ರಂಥದ ಆರಂಭದಲ್ಲಿಯೇ ಇದೆ: ಶಿಶುವನ್ನು ಅರಸಿ ಬರುವ ಮೂವರು ಜ್ಞಾನಿಗಳಲ್ಲಿ ಒಬ್ಬನು ಈಜಿಪ್ಟಿನವನು, ಒಬ್ಬನು ಗ್ರೀಕನು, ಮೂರನೆಯ ಮೆಲ್ಕಿಯೋರನು ಬ್ರಾಹ್ಮಣಕುಲದ ಹಿಂದೂ. ಮರುಭೂಮಿಯ ಗುಡಾರದಲ್ಲಿ ಕುಳಿತು ಅವನು ತನ್ನ ಜನ್ಮವೃತ್ತಾಂತವನ್ನು ನಿರೂಪಿಸುತ್ತಾನೆ. ವಾಲೇಸನ ಹಿಂದೂ ಜ್ಞಾನವು ಪುಸ್ತಕಗಳಿಂದ ಆಯ್ದುದು, ಪಾತ್ರವು ಸ್ವಲ್ಪ ಬಿಗಿಯಾದುದು. ಆದರೂ ರೋಮನ್ ಯುಗದ ಕ್ರೈಸ್ತಕಥೆಯಲ್ಲಿ ಭಾರತಕ್ಕೆ ಒಂದು ಆಸನವುಂಟೆಂಬುದನ್ನು ಅತಿ ಪ್ರಚಾರ ಪಡೆದ ಈ ಕೃತಿಯೇ ಒಪ್ಪಿಕೊಂಡಿತು.

ಎರಡನೆಯದು ಪೋಲಿಷ್ ಕಾದಂಬರಿಕಾರ ಹೆನ್ರಿಕ್ ಸಿಯೆಂಕಿಯೆವಿಚನ 'ಕ್ವೋ ವಾದಿಸ್'. 1895ರಿಂದ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದು 1896ರಲ್ಲಿ ಗ್ರಂಥರೂಪ ತಳೆದ ಈ ಕೃತಿಯಲ್ಲಿ, ರೋಮನ್ ಕುಲೀನನಾದ ವಿನೀಷಿಯಸನು ಒತ್ತೆಯಾಳಾಗಿ ಬಂದ ಲಿಗಿಯಾ ಎಂಬ ಕ್ರೈಸ್ತ ಕನ್ಯೆಯಲ್ಲಿ ಮೊದಲು ಕಾಮದಿಂದಲೂ ಅನಂತರ ಪ್ರೇಮದಿಂದಲೂ ಆಸಕ್ತನಾಗಿ ಕ್ರಮೇಣ ಹೊಸ ಮನುಷ್ಯನಾಗುವುದೇ ಕಥೆಯ ಸೂತ್ರ. ನೀರೋವಿನ ಆಸ್ಥಾನದ ರಸಿಕನಾದ ಪೆಟ್ರೋನಿಯಸ್, ದ್ರೋಹಿಯಾಗಿದ್ದು ಹುತಾತ್ಮನಾಗುವ ಖೀಲೋ, ಕಾಡುಗೂಳಿಯ ಕೊರಳನ್ನು ಬರಿಗೈಯಿಂದ ತಿರುಚುವ ಉರ್ಸಸ್ ಇವರೆಲ್ಲರೂ ಸಜೀವ ಪಾತ್ರಗಳು. ಅಂದು ಪೋಲೆಂಡ್ ಎಂಬ ಸ್ವತಂತ್ರ ರಾಜ್ಯವು ಭೂಪಟದಲ್ಲಿರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಗಳು ಅದನ್ನು ಹಂಚಿಕೊಂಡಿದ್ದುವು. ಲಿಗಿಯಾಳ ಜನಾಂಗವನ್ನು ತಮ್ಮ ಪೂರ್ವಿಕರೆಂದು ಭಾವಿಸಿದ ಪೋಲರು, ಕತ್ತಿಯಿಲ್ಲದ ಜನ ಸಾಮ್ರಾಜ್ಯವನ್ನು ಮೀರಿ ಬಾಳಿದ ಆ ಕಥೆಯಲ್ಲಿ ತಮ್ಮ ಆಶೆಯನ್ನೇ ಓದಿಕೊಂಡರು. ಸಿಯೆಂಕಿಯೆವಿಚನಿಗೆ 1905ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಈ ವರ್ಗದ ಕಾದಂಬರಿಗಳೊಳಗೆ ಒಂದನ್ನೇ ಆರಿಸೆಂದರೆ, ಪೆಟ್ರೋನಿಯಸನಂಥ ಅನ್ಯಮತೀಯನನ್ನೂ ಪೂರ್ಣ ಗೌರವದಿಂದ ಚಿತ್ರಿಸಿದ ಕಾರಣಕ್ಕಾಗಿ, ಇದನ್ನೇ ಎತ್ತಿಕೊಳ್ಳಬೇಕು.

20ನೆಯ ಶತಮಾನದ ಪ್ರಥಮಾರ್ಧದ ನೂರಾರು ಕೃತಿಗಳನ್ನು ಇಲ್ಲಿ ಎಣಿಸಬೇಕಾಗಿಲ್ಲ. ಪಾದ್ರಿಯಾಗಿದ್ದ ಲಾಯ್ಡ್ ಡಗ್ಲಸನ 'ದಿ ರೋಬ್' 1942ರಲ್ಲಿ ಬಂದು, ಯೇಸುವಿನ ಅಂಗಿಯನ್ನು ಜೂಜಿನಲ್ಲಿ ಗೆದ್ದ ರೋಮನ್ ಸೈನ್ಯಾಧಿಕಾರಿಯ ಪಶ್ಚಾತ್ತಾಪವನ್ನು ಯುದ್ಧಕಾಲದ ಜನಕ್ಕೆ ಹೇಳಿತು. 1953ರಲ್ಲಿ ಅದೇ ಕಥೆಯು ಸಿನೆಮಾಸ್ಕೋಪ್ ವಿಶಾಲಪರದೆಯ ಮೊದಲ ಕಥಾಚಿತ್ರವಾಯಿತು. 1951ರಲ್ಲಿ 'ಕ್ವೋ ವಾದಿಸ್', 1959ರಲ್ಲಿ 'ಬೆನ್ ಹರ್' ಬೆಳ್ಳಿತೆರೆಗೆ ಬಂದು, ಎರಡನೆಯದು 11 ಆಸ್ಕರ್ ಪಾರಿತೋಷಕಗಳನ್ನು ಗಳಿಸಿತು. ಈ ವೈಭವದ ನಡುವೆ ಸ್ವೀಡನ್ನಿನ ಪೇರ್ ಲಾಗರ್‌ಕ್ವಿಸ್ಟನು 1950ರಲ್ಲಿ ಬರೆದ 'ಬರಬ್ಬ' ಎಂಬ ಚಿಕ್ಕ ಪುಸ್ತಕವು ಬೇರೆಯೇ ಆದ ಎತ್ತರದಲ್ಲಿ ನಿಂತಿದೆ. ಯೇಸುವಿನ ಬದಲು ಬಿಡುಗಡೆ ಹೊಂದಿದ ದರೋಡೆಕಾರನು, ತಾನೇಕೆ ಬದುಕಿದೆನೆಂಬುದನ್ನು ಅರಿಯದೆ, ನಂಬಬೇಕೆಂದು ಬಯಸಿಯೂ ನಂಬಲಾರದೆ, ಸೈಪ್ರಸಿನ ತಾಮ್ರದ ಗಣಿಯಲ್ಲಿ ಕ್ರೈಸ್ತ ದಾಸನೊಬ್ಬನೊಡನೆ ಒಂದೇ ಸರಪಳಿಯಲ್ಲಿ ಬಂಧಿತನಾಗಿದ್ದು, ಕೊನೆಗೆ ತಾನೂ ಶಿಲುಬೆಯೇರಿ ಕತ್ತಲೆಗೆ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ಆ ಕೊನೆಯ ಮಾತು ದೇವರಿಗೋ ಶೂನ್ಯಕ್ಕೋ ಎಂಬುದನ್ನು ಲೇಖಕನು ನಿರ್ಣಯಿಸುವುದಿಲ್ಲ. ಕ್ರೈಸ್ತಕಥೆಯನ್ನು ಪ್ರಚಾರದಿಂದ ಬಿಡಿಸಿ ಸಂಶಯಗ್ರಸ್ತ ಮಾನವನ ಅಂತರಂಗಕ್ಕೆ ತಂದ ಈ ಕೃತಿಯ ಮರುವರ್ಷವೇ, 1951ರಲ್ಲಿ, ಅವನಿಗೆ ನೊಬೆಲ್ ದೊರೆಯಿತು. ಅನಂತರದ ಕಾಲದಲ್ಲಿ ಅಮೆರಿಕದ ಫ್ರಾನ್ಸೀನ್ ರಿವರ್ಸರು 1993ರಿಂದ ಹೊರತಂದ ಕಾದಂಬರಿಮಾಲೆಯು ಹದಸ್ಸಾ ಎಂಬ ದಾಸಿಯ ಕಣ್ಣಿನಿಂದ ರೋಮನ್ನು ಕಂಡು, ಸ್ತ್ರೀವಾಚಕರಲ್ಲಿ ಈ ಪ್ರಕಾರಕ್ಕೆ ಹೊಸ ಆಯುಸ್ಸನ್ನು ಕೊಟ್ಟಿದೆ.

ಇವೆಲ್ಲವುಗಳ ರಚನಾಕ್ರಮದಲ್ಲಿ ಒಂದು ಸಾಮ್ಯವುಂಟು. ಯೇಸುವನ್ನಾಗಲಿ ಪೇತ್ರನನ್ನಾಗಲಿ ನಾಯಕನಾಗಿ ನಿಲ್ಲಿಸಲು ಬಹುಮಂದಿ ಲೇಖಕರು ಹಿಂಜರಿದಿದ್ದಾರೆ. ಅಧಿಕಾರವುಳ್ಳವನೋ, ಅಧಿಕಾರದಿಂದ ನೊಂದವನೋ ಆದ ಹೊರಗಿನವನೊಬ್ಬನು ದೂರದಿಂದ ನೋಡಿ, ವಿರೋಧಿಸಿ, ಕಡೆಗೆ ಕದಲುವುದೇ ಕಥೆಯ ನಡೆ. ಇದರಿಂದ ಶ್ರದ್ಧೆಯಿಲ್ಲದ ವಾಚಕನಿಗೂ ನಿಲ್ಲಲು ಸ್ಥಾನ ದೊರೆಯುತ್ತದೆ. ಆಧಾರಗ್ರಂಥಗಳಂತೂ ಅಲ್ಪ: ನೀರೋವಿನ ಹಿಂಸೆಯನ್ನು ಕುರಿತು ಟ್ಯಾಸಿಟಸನ ಒಂದು ಅಧ್ಯಾಯ, ಸುಮಾರು 112ರಲ್ಲಿ ಪ್ಲಿನಿಯು ಟ್ರಾಜನನಿಗೆ ಬರೆದ ಒಂದು ಪತ್ರ, ಜೋಸೆಫಸನ ಯೆಹೂದ್ಯ ಚರಿತ್ರೆ, ಸುವಾರ್ತೆಗಳು ಮತ್ತು ಅಪೊಸ್ತಲರ ಕೃತ್ಯಗಳು. ಈ ಅಲ್ಪತೆಯೇ ಕಾದಂಬರಿಕಾರನಿಗೆ ಸ್ವಾತಂತ್ರ್ಯವನ್ನು ಕೊಟ್ಟಿದೆ. ದೋಷಗಳೂ ಅಲ್ಪವಲ್ಲ. ರೋಮನ್ ದೇವತಾರಾಧನೆಯನ್ನು ಬರಿಯ ವಿಲಾಸವೆಂದೂ, ಯೆಹೂದ್ಯರನ್ನು ಕ್ರಿಸ್ತದ್ವೇಷಿಗಳೆಂದೂ ಚಿತ್ರಿಸಿದ ಪುಸ್ತಕಗಳು ಬಹಳ. ಯೆಹೂದ್ಯ ಲೇಖಕನಾದ ಶೋಲೆಮ್ ಆಶನು ಯಿಡ್ಡಿಶ್ ಭಾಷೆಯಲ್ಲಿ ಯೇಸುವನ್ನು ತನ್ನ ಜನಾಂಗದವನನ್ನಾಗಿ ಮರಳಿ ಸ್ವೀಕರಿಸಿ ಬರೆದ 'ನಜರೇತಿನವನು' 1939ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದಾಗ, ಸ್ವಜನರೇ ಅವನನ್ನು ಕಟುವಾಗಿ ಆಕ್ಷೇಪಿಸಿದರು. ಅನೇಕ ಮತಗಳು ಒಂದೇ ಬೀದಿಯಲ್ಲಿ ನೆರೆಯಾಗಿ ಬಾಳುವ ನಮ್ಮ ಊರುಗಳಲ್ಲಿ ಈ ಪ್ರಕಾರವನ್ನು ಕೈಗೆತ್ತಿಕೊಳ್ಳುವವನು ಈ ದೋಷವನ್ನು ಎಲ್ಲಕ್ಕಿಂತ ಮೊದಲು ವರ್ಜಿಸಬೇಕು.

ಇನ್ನು ನಮ್ಮ ಸೀಮೆಯ ವಿಚಾರ. ಬೆಳಗಾವಿಯಲ್ಲಿ ಲಂಡನ್ ಮಿಷನ್ 1820ರಲ್ಲಿ ನೆಲೆಗೊಂಡಿತು. ಬಳ್ಳಾರಿಯ ಜಾನ್ ಹ್ಯಾಂಡ್ಸನ ಶ್ರಮದಿಂದ 1831ರ ವೇಳೆಗೆ ಕನ್ನಡ ಬೈಬಲ್ಲು ಪೂರ್ಣವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಬನ್ಯನ್ನನ ರೂಪಕಕಥೆಯನ್ನು 'ಯಾತ್ರಿಕನ ಸಂಚಾರ'ವೆಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಕೊಲ್ಹಾಪುರಕ್ಕೆ ಅಮೆರಿಕದ ಮಿಷನರಿ ರಾಯಲ್ ವೈಲ್ಡರ್ 1852ರಲ್ಲಿ ಬಂದು ಶಾಲೆಗಳನ್ನು ತೆರೆದನು; ಆ ಮಿಷನ್ 1870ರಲ್ಲಿ ಪ್ರೆಸ್ಬಿಟೇರಿಯನ್ ಮಂಡಲಿಯ ಅಧೀನವಾಯಿತು. ವಿದ್ಯಾರ್ಥಿಗಳ ಮಿಷನರಿ ಚಳವಳಿಯನ್ನು ಅಮೆರಿಕದಲ್ಲಿ ಕಟ್ಟಿದ ರಾಬರ್ಟ್ ವೈಲ್ಡರ್ ಅವನ ಮಗ, 1863ರಲ್ಲಿ ಕೊಲ್ಹಾಪುರದಲ್ಲಿಯೇ ಹುಟ್ಟಿದವನು. ಆದರೆ ನಮ್ಮ ವಿಷಯಕ್ಕೆ ಇವರೆಲ್ಲರಿಗಿಂತ ಮುಖ್ಯರು ಬಾಬಾ ಪದ್ಮನಜಿ. 1831ರಲ್ಲಿ ಬೆಳಗಾವಿಯಲ್ಲಿ ಜನಿಸಿ, 1854ರಲ್ಲಿ ಅಲ್ಲಿಯೇ ಕ್ರೈಸ್ತದೀಕ್ಷೆ ಪಡೆದ ಅವರು 1857ರಲ್ಲಿ ಪ್ರಕಟಿಸಿದ 'ಯಮುನಾಪರ್ಯಟನ'ವು ಮರಾಠಿಯ ಮೊದಲ ಕಾದಂಬರಿಯೆಂದು ಪರಿಗಣಿತವಾಗಿದೆ. ಅದರ ವಸ್ತು ರೋಮ್ ಅಲ್ಲ, ಹಿಂದೂ ವಿಧವೆಯರ ದುಃಖ. ಆದರೂ ಯಮುನೆಯು ಪತಿಯೊಡನೆ ಊರೂರು ಸಂಚರಿಸಿ, ಕಂಡ ಸಂಕಟಗಳಿಗೆ ಸಾಕ್ಷಿಯಾಗಿ, ವೈಧವ್ಯವನ್ನು ತಾನೇ ಅನುಭವಿಸಿ, ಕೊನೆಗೆ ಹೊಸ ಶ್ರದ್ಧೆಯನ್ನು ವರಿಸುವ ಆ ಕ್ರಮವು, ವಿನೀಷಿಯಸನ ಅಥವಾ ಬೆನ್ ಹರನ ನಡೆಗೆ ಬಹು ಸಮೀಪವಾದುದು. 'ಬೆನ್ ಹರ್' ಅಚ್ಚಾಗುವುದಕ್ಕೆ 23 ವರ್ಷಗಳ ಮುಂಚೆಯೇ, ಕ್ರೈಸ್ತ ಅಂತಃಪರಿವರ್ತನೆಯ ದೀರ್ಘಕಥನವನ್ನು ಈ ಗಡಿಸೀಮೆಯವರೊಬ್ಬರು ರಚಿಸಿದ್ದರೆಂಬುದನ್ನು ಸಾಹಿತ್ಯಚರಿತ್ರಕಾರರು ಇನ್ನಷ್ಟು ಎತ್ತಿ ಹೇಳಬೇಕು.

ಕನ್ನಡದಲ್ಲಿ ರೋಮನ್ ಯುಗದ ಕ್ರೈಸ್ತವಸ್ತುವು ಅತ್ಯುನ್ನತವಾಗಿ ಮೂಡಿದುದು ಗದ್ಯದಲ್ಲಲ್ಲ, ಪದ್ಯದಲ್ಲಿ. ಕಾಸರಗೋಡು ಸೀಮೆಯ ಮಂಜೇಶ್ವರದ ಗೋವಿಂದ ಪೈಗಳು 1937ರಲ್ಲಿ ಪ್ರಕಟಿಸಿದ 'ಗೊಲ್ಗೊಥಾ' ಖಂಡಕಾವ್ಯವು ಯೇಸುವಿನ ಬಾಳಿನ ಕಡೆಯ ದಿನವನ್ನು ವಸ್ತುವಾಗಿ ಉಳ್ಳುದು. ಗೌಡಸಾರಸ್ವತ ಮನೆತನದಲ್ಲಿ ಹುಟ್ಟಿ, ಬುದ್ಧನ ಅಂತ್ಯವನ್ನು ಕುರಿತು 'ವೈಶಾಖಿ'ಯನ್ನೂ ಬರೆದ ಈ ಕವಿಗೆ, ಯೇಸುವಿನ ಮರಣವು ಪರಕೀಯರ ವೃತ್ತಾಂತವಾಗಿ ಕಾಣಲಿಲ್ಲ. ಮನುಷ್ಯಕುಲದ ದುಃಖವಾಗಿ ಕಂಡಿತು. ಮತಾಂತರದ ಉದ್ದೇಶವಾಗಲಿ ಖಂಡನದ ಉದ್ದೇಶವಾಗಲಿ ಇಲ್ಲದೆ, ಅನ್ಯಮತೀಯನೊಬ್ಬನು ಕೇವಲ ಕರುಣರಸದ ಬಲದಿಂದ ಈ ವಸ್ತುವನ್ನು ನಿರ್ವಹಿಸಿದುದು ಭಾರತೀಯ ಸಾಹಿತ್ಯಕ್ಕೇ ಗೌರವವನ್ನು ತರತಕ್ಕ ಕಾರ್ಯ. ಕಾದಂಬರಿಯ ಕಡೆಗೆ ನೋಡಿದರೆ, ಬೆಂಗಳೂರಿನ ವ್ಯಾಯಾಮಾಚಾರ್ಯ ಕೆ.ವಿ. ಅಯ್ಯರರ 'ರೂಪದರ್ಶಿ'ಯನ್ನು ಇಲ್ಲಿ ನೆನೆಯಬೇಕು. ಅದು ರೋಮನ್ ಸಾಮ್ರಾಜ್ಯದ ಕಾಲದ್ದಲ್ಲ, ಇಟಲಿಯ ಚಿತ್ರಕಲೆಯ ಮಹಾಯುಗದ್ದು. ಬಾಲಯೇಸುವಿನ ಚಿತ್ರಕ್ಕೆ ರೂಪವಿತ್ತ ಸುಂದರ ಶಿಶುವೇ ವರ್ಷಗಳ ತರುವಾಯ ಗುರುದ್ರೋಹಿಯಾದ ಯೂದನ ಚಿತ್ರಕ್ಕೂ ರೂಪವೀಯುವಂತಾದ ದಾರುಣಕಥೆಯನ್ನು ಅದು ಹೇಳುತ್ತದೆ. ಕನ್ನಡದ ಐತಿಹಾಸಿಕ ಕಾದಂಬರಿಯು ಪ್ರಾರಂಭಕಾಲದಲ್ಲಿ ಮರಾಠಿಯ ಹರಿ ನಾರಾಯಣ ಆಪಟೆಯವರಿಂದ ಗಳಗನಾಥರ ಮೂಲಕ ಪೋಷಣೆ ಪಡೆದು, ಸ್ವದೇಶದ ಸಾಮ್ರಾಜ್ಯಗಳತ್ತಲೇ ಮುಖಮಾಡಿತು. ಆ ಕಾಲಕ್ಕೆ ಅದು ಸಹಜವೂ ಆಗಿತ್ತು.

ಈ ಲೇಖನದ ಮರ್ಮವಿರುವುದು ಕೊಲ್ಹಾಪುರದ ಬ್ರಹ್ಮಪುರಿಯಲ್ಲಿ. ಪಂಚಗಂಗೆಯ ದಡದ ಈ ದಿಬ್ಬದಲ್ಲಿ 1940ರ ದಶಕದ ಮಧ್ಯಭಾಗದಲ್ಲಿ ದೊರೆತ ಕಂಚಿನ ನಿಧಿಯೊಳಗೆ ಗ್ರೀಕರ ಸಮುದ್ರದೇವತೆಯಾದ ಪೊಸೈಡನ್ನನ ಚಿಕ್ಕ ಪ್ರತಿಮೆ, ಕಂಚಿನ ಕನ್ನಡಿ, ಪಾತ್ರೆ ಮೊದಲಾದ ರೋಮನ್ ಜಗತ್ತಿನ ವಸ್ತುಗಳಿದ್ದುವು. ಪುಣೆಯ ಡೆಕ್ಕನ್ ಕಾಲೇಜಿನ ಎಚ್.ಡಿ. ಸಾಂಕಳಿಯಾ ಮತ್ತು ಎಂ.ಜಿ. ದೀಕ್ಷಿತರು 1945-46ರಲ್ಲಿ ಅಲ್ಲಿ ಶಾಸ್ತ್ರೀಯವಾಗಿ ಅಗೆದು, ಶಾತವಾಹನರ ಕಾಲದ ಇಟ್ಟಿಗೆಮನೆಗಳ ಊರನ್ನು ಬೆಳಕಿಗೆ ತಂದು, 1952ರಲ್ಲಿ ವರದಿಯನ್ನು ಪ್ರಕಟಿಸಿದರು. ಕಡಲಿನಿಂದ ಬಹುದೂರದಲ್ಲಿ, ಸಹ್ಯಾದ್ರಿಯ ಘಾಟಿಗಳನ್ನು ಹತ್ತಿಬಂದ ಮೇಲೆ ಸಿಗುವ ಈ ಊರಿನ ಮನೆಯಲ್ಲಿ ಕಡಲದೇವತೆಯೊಬ್ಬನು ವಾಸವಾಗಿದ್ದನೆಂದರೆ, ಅವನನ್ನು ಇಲ್ಲಿಗೆ ತಂದವರಾರು, ಕೊಂಡವರಾರು, ಪೂಜಿಸಿದರೋ ಅಥವಾ ಕೇವಲ ಕೌತುಕಕ್ಕಾಗಿ ಇರಿಸಿಕೊಂಡರೋ ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಇದೇ ದಿಬ್ಬದ ಪರಿಸರದಲ್ಲಿ 19ನೆಯ ಶತಮಾನದಲ್ಲಿಯೇ ವಿಳಿವಾಯಕುರ, ಸಿವಳಕುರರೆಂಬ ಅರಸರ ನಾಣ್ಯಗಳು ಸಿಕ್ಕಿದ್ದುವು. ಅಲೆಕ್ಸಾಂಡ್ರಿಯದ ಟಾಲೆಮಿಯು 2ನೆಯ ಶತಮಾನದ ತನ್ನ ಭೂಗೋಳಗ್ರಂಥದಲ್ಲಿ ಹಿಪ್ಪೊಕೂರಾ ಎಂಬ ಊರನ್ನು ಬಲಿಯೊಕೂರನ ರಾಜಧಾನಿಯೆಂದು ಹೆಸರಿಸಿದ್ದಾನೆ. ಈ ಬಲಿಯೊಕೂರನೇ ವಿಳಿವಾಯಕುರನೆಂದು ರಾಮಕೃಷ್ಣ ಗೋಪಾಲ ಭಾಂಡಾರಕರರು ಗುರುತಿಸಿದರು. ಹಿಪ್ಪೊಕೂರಾ ಕೊಲ್ಹಾಪುರವೋ, ವಿಜಾಪುರದ ಕಡೆಯ ಹೂವಿನ ಹಿಪ್ಪರಗಿಯೋ ಎಂಬುದರಲ್ಲಿ ಪಂಡಿತರಿಗೆ ಐಕಮತ್ಯವಿಲ್ಲ. ಆದರೆ ಭಾಂಡಾರಕರರ ಗುರುತನ್ನು ಒಪ್ಪುವುದಾದರೆ, ರೋಮನ್ ಸಾಮ್ರಾಜ್ಯದ ವಿದ್ವಾಂಸನೊಬ್ಬನ ಕಿವಿಗೆ ಈ ಸೀಮೆಯ ದೊರೆಯ ಹೆಸರು ಮುಟ್ಟಿತ್ತೆಂದಾಗುತ್ತದೆ.

ನೆರೆಯ ಕರ್ಣಾಟಕದ ಭಾಗಗಳೂ ಇದಕ್ಕೆ ಪೂರಕವಾದ ಸಾಕ್ಷ್ಯವನ್ನು ಕೊಡುತ್ತವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಯಶವಂತಪುರದಲ್ಲಿಯೂ ಆಗಸ್ಟಸ್ ಮತ್ತು ತಿಬೇರಿಯಸರ ಬೆಳ್ಳಿಯ ದಿನಾರಿಗಳು ದೊರೆತಿವೆ. ಕೈಸರನಿಗೆ ಸಲ್ಲತಕ್ಕ ಕಪ್ಪದ ವಿಷಯವಾಗಿ ಯೇಸುವನ್ನು ಪರೀಕ್ಷಿಸಿದವರು ತೋರಿಸಿದ ನಾಣ್ಯವು ತಿಬೇರಿಯಸನ ದಿನಾರಿಯೇ ಇರಬೇಕೆಂಬುದು ನಾಣ್ಯಶಾಸ್ತ್ರಜ್ಞರಲ್ಲಿ ಬಳಕೆಯಲ್ಲಿರುವ ಅಭಿಪ್ರಾಯ. ಸುವಾರ್ತೆಯ ಕಥೆಯಲ್ಲಿ ಕೈಯಿಂದ ಕೈಗೆ ದಾಟಿದ ಅದೇ ಮುಖಮುದ್ರೆಯ ನಾಣ್ಯವು ಕನ್ನಡನಾಡಿನ ಮಣ್ಣಿನಲ್ಲಿಯೂ ಹುದುಗಿತ್ತು. ಭಾರತದ ವ್ಯಾಪಾರಕ್ಕಾಗಿ ಸಾಮ್ರಾಜ್ಯವು ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣವನ್ನು ಕಳೆದುಕೊಳ್ಳುತ್ತಿದೆಯೆಂದು ಹಿರಿಯ ಪ್ಲಿನಿಯು ವ್ಯಥೆಪಟ್ಟದ್ದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್ಸಿನ ಮರಳಿನಿಂದ ಹೊರಬಂದು 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನವೊಂದರಲ್ಲಿ, ಭಾರತದ ಕರಾವಳಿಯಲ್ಲಿ ಸೆರೆಯಾದ ಖಾರಿತಿಯೋನ್ ಎಂಬ ಗ್ರೀಕ್ ಯುವತಿಯನ್ನು ಅವಳ ಸೋದರನು ಅರಸನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆಯಿದೆ. ಅದರಲ್ಲಿ ಆ ಅರಸನ ಪರಿವಾರವು ಆಡುವ ಮಾತುಗಳು ಕನ್ನಡವೆಂದು ಹುಲ್ಶ್, ಆರ್. ಶಾಮಶಾಸ್ತ್ರಿಗಳು, ಸಾಲೆತೂರರೇ ಮುಂತಾದವರು ವಾದಿಸಿದ್ದಾರೆ. ಆ ವಾದವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಒಪ್ಪಿದರೂ ಬಿಟ್ಟರೂ, ರೋಮನ್ ಯುಗದ ರಂಗದ ಮೇಲೆ ನಮ್ಮ ಪಶ್ಚಿಮ ಸಮುದ್ರತೀರವು ವಿನೋದದ ವಸ್ತುವಾಗುವಷ್ಟು ಪರಿಚಿತವಾಗಿತ್ತೆಂದು ಊಹಿಸಲು ಅಡ್ಡಿಯಿಲ್ಲ. ಸುಮಾರು 180ರಲ್ಲಿ ಪಂತೇನಸನೆಂಬ ಅಲೆಕ್ಸಾಂಡ್ರಿಯದ ಕ್ರೈಸ್ತ ಗುರುವು ಭಾರತಕ್ಕೆ ಹೋಗಿದ್ದನೆಂಬ ಪ್ರತೀತಿಯನ್ನು ಯೂಸೆಬಿಯಸನು ದಾಖಲಿಸಿದ್ದಾನೆ.

ಬ್ರಹ್ಮಪುರಿಗೆ ಆ ಕಾಲದಲ್ಲಿ ಕ್ರೈಸ್ತನೊಬ್ಬನು ಕಾಲಿಟ್ಟನೆಂಬುದಕ್ಕೆ ಕುರುಹಿಲ್ಲ. ಆದುದರಿಂದ ಅದನ್ನು ಇತಿಹಾಸವೆಂದು ಬರೆಯುವುದು ಅಪರಾಧವಾದೀತು. ಕಾದಂಬರಿಯೆಂದು ಬರೆಯುವುದು ನ್ಯಾಯವೇ ಸರಿ. ವಾಲೇಸನು ಕಾಣದ ಪಾಲೆಸ್ತೀನವನ್ನು ಗ್ರಂಥಗಳಿಂದ ಕಟ್ಟಿದನು. ನಮ್ಮ ಲೇಖಕನಿಗಾದರೋ ನದಿಯೂ ದಿಬ್ಬವೂ ಘಾಟಿಯೂ ಕಣ್ಣೆದುರಿಗಿವೆ. ಸಾಮಗ್ರಿಯನ್ನು ಶೋಧಿಸುವ ವಿದ್ಯೆಗೂ ಇಲ್ಲಿ ಕೊರತೆಯಿರಲಿಲ್ಲ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಕೆ.ಜಿ. ಕುಂದಣಗಾರರು ಉತ್ತರ ಕರ್ಣಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿ ಸಂಗ್ರಹಿಸಿ ಪ್ರಕಟಿಸಿ, ಈ ನೆಲದ ಶಿಲೆಗಳು ಕನ್ನಡದಲ್ಲಿ ಎಷ್ಟು ಮಾತನಾಡುತ್ತವೆಂಬುದನ್ನು ತೋರಿಸಿದರು. 1961ರ ಗದಗಿನ ಸಾಹಿತ್ಯಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅದೇ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಬೋಧಿಸಿದ ಆ.ನೇ. ಉಪಾಧ್ಯೆಯವರು 1967ರಲ್ಲಿ ಶ್ರವಣಬೆಳಗೊಳದ ಸಮ್ಮೇಳನದ ಅಧ್ಯಕ್ಷರಾದರು. ವಿ.ಕೃ. ಗೋಕಾಕರೂ ಕೆಲವು ಕಾಲ ಅಲ್ಲಿ ಪ್ರಾಚಾರ್ಯರಾಗಿದ್ದರು. ಐತಿಹಾಸಿಕ ಕಥನದ ಪ್ರತಿಭೆಯಂತೂ ಗಡಹಿಂಗ್ಲಜದ ನೆರೆತಾಲೂಕುಗಳಲ್ಲಿಯೇ ಅರಳಿತು: ಪೇಶ್ವೆ ಮಾಧವರಾಯನನ್ನು 'ಸ್ವಾಮಿ'ಯಲ್ಲಿ ಸಜೀವಗೊಳಿಸಿದ ರಣಜಿತ ದೇಸಾಯಿಯವರು ಚಂದಗಡ ತಾಲೂಕಿನ ಕೋವಾಡದವರು, ಕರ್ಣನ ಕಥೆಯನ್ನು 'ಮೃತ್ಯುಂಜಯ'ವಾಗಿಸಿದ ಶಿವಾಜಿ ಸಾವಂತರು ಆಜರೆಯವರು. 'ಯಯಾತಿ'ಯ ಕರ್ತೃ ವಿ.ಸ. ಖಾಂಡೇಕರರು ಕೊಲ್ಹಾಪುರದಲ್ಲಿ ನೆಲೆಸಿ ಬರೆದವರು. ಪ್ರಾಚೀನವನ್ನು ವರ್ತಮಾನದ ಅಂತಃಕರಣಕ್ಕೆ ಮುಟ್ಟಿಸುವ ಕಲೆ ಇಂಥ ಸಾಂದ್ರತೆಯಿಂದ ಬೆಳೆದ ಬೇರೆ ಸೀಮೆಗಳು ವಿರಳ.

ಈ ಸೀಮೆಯಲ್ಲಿ ಮರಾಠಿಯು ಆಡಳಿತದ ಮತ್ತು ಶಾಲೆಯ ಭಾಷೆಯಾಗಿಯೂ, ಗಡಹಿಂಗ್ಲಜದ ಸುತ್ತಲಿನ ನೂಲ, ಹಲಕರ್ಣಿಯಂಥ ಹಳ್ಳಿಗಳಲ್ಲಿ ಮನೆಯ ಮಾತಾಗಿ ಕನ್ನಡವೂ ಬಾಳಿಬಂದಿವೆ. ಇಚಲಕರಂಜಿಯ ಮಗ್ಗಗಳ ಕೇರಿಗಳಲ್ಲಿ ನೇಯುವವರ ಬಾಯಲ್ಲಿ ಎರಡೂ ಭಾಷೆಗಳು ಒಂದೇ ವಾಕ್ಯದಲ್ಲಿ ಕೂಡಿಬರುವುದುಂಟು. ಅರಾಮಿಕ, ಗ್ರೀಕ್, ಲ್ಯಾಟಿನ್‌ಗಳನ್ನು ಒಂದೇ ಸಂತೆಯಲ್ಲಿ ಆಡುತ್ತಿದ್ದ ಯೆರೂಸಲೇಮಿನ ಜನರ ಬಾಳನ್ನು ಕಲ್ಪಿಸಿಕೊಳ್ಳಲು ಏಕಭಾಷಿಕ ದೇಶದ ಲೇಖಕನು ಶ್ರಮಪಡಬೇಕು. ಗಡಿಯವನಿಗೆ ಅದು ನಿತ್ಯದ ಅನುಭವ. ಮನೆಯೊಂದು ಮಾತು, ಕಚೇರಿಯೊಂದು ಮಾತು ಆಗಿರುವ ಬಾಳು ಎಂಥದೆಂಬುದನ್ನು ಯಾರೂ ಅವನಿಗೆ ಕಲಿಸಬೇಕಾಗಿಲ್ಲ. ರೋಮನ್ ಯುಗದ ಕ್ರೈಸ್ತಕಥೆಯನ್ನು ಹೊಸದಾಗಿ ಬರೆಯುವ ಅರ್ಹತೆ ಯಾರಿಗಿದೆಯೆಂದು ಕೇಳಿದರೆ, ಈ ಸೀಮೆಯ ದ್ವಿಭಾಷಿಕನಿಗಿದೆಯೆಂದು ನಿಸ್ಸಂಕೋಚವಾಗಿ ಹೇಳಬಹುದು.

ಪೊಸೈಡನ್ನನ ಪ್ರತಿಮೆಯು ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿದೆ. ಗಡಹಿಂಗ್ಲಜದ, ಇಚಲಕರಂಜಿಯ, ನಿಪ್ಪಾಣಿ ಸಂಕೇಶ್ವರಗಳ ತರುಣ ಲೇಖಕರು ಅದನ್ನು ಒಮ್ಮೆ ಸಾವಧಾನವಾಗಿ ನೋಡಬೇಕು. ಸಾಂಕಳಿಯಾ ಮತ್ತು ದೀಕ್ಷಿತರ ವರದಿಯನ್ನು ಓದಬೇಕು. 'ಗೊಲ್ಗೊಥಾ'ವನ್ನೂ 'ಯಮುನಾಪರ್ಯಟನ'ವನ್ನೂ ಜೊತೆಯಲ್ಲಿರಿಸಿಕೊಳ್ಳಬೇಕು. ಅನಂತರ ಬರೆಯಲು ಕುಳಿತುಕೊಳ್ಳಬೇಕು.